‘ಮಲಗಿದ್ದವರು ಏಳಲಿಲ್ಲ’: ಭೂಕಂಪ ಕುರಿತ ಸುಲಭ ಓದಿನ ಪುಸ್ತಕವೊಂದನ್ನು ಮಕ್ಕಳು ತಿದ್ದಿದ ಪ್ರಕರಣ

2021ರ ಅಕ್ಟೋಬರ್‌ನಲ್ಲಿ, ನವರಾತ್ರಿಯ ದಿನಗಳಲ್ಲಿ, ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಅಕ್ಟೋಬರ್ 11ರ ರಾತ್ರಿ ಹತ್ತರ ಸುಮಾರಿಗೆ ಬಂದ ಕಂಪನದ ತೀವ್ರತೆ 4.1ರಷ್ಟಿತ್ತು. ನಡುಕಕ್ಕಿಂತ ಹೆಚ್ಚಾಗಿ ಜನರನ್ನು ಕಂಗೆಡಿಸಿದ್ದು ನೆಲದೊಳಗಿನಿಂದ ಬರುತ್ತಿದ್ದ ಸದ್ದು. ಅನೇಕ ಕುಟುಂಬಗಳು ಬಂಧುಗಳ ಊರುಗಳಿಗೆ ಹೊರಟುಹೋದವು; ಉಳಿದವರು ಮನೆಯ ಮುಂದೆ ಹೊರಸು ಹಾಕಿಕೊಂಡು, ತಾಡಪತ್ರಿ ಕಟ್ಟಿಕೊಂಡು ರಾತ್ರಿ ಕಳೆದರು. ಕೊರೋನಾ ಕಾರಣದಿಂದ ಮುಚ್ಚಿದ್ದ 1ರಿಂದ 5ನೇ ತರಗತಿಗಳು ರಾಜ್ಯದಲ್ಲಿ ಪುನರಾರಂಭವಾದದ್ದು ಅದೇ ತಿಂಗಳ 25ರಂದು. ಹೀಗಾಗಿ ಈ ಭಾಗದ ಎರಡನೇ ತರಗತಿಯ ಮಕ್ಕಳು ನಡುಕವನ್ನು ಮೊದಲು ಕಂಡು, ಶಾಲೆಯ ಕೋಣೆಯನ್ನು ಆಮೇಲೆ ಕಂಡರು.

ಅವರೇ ಎರಡು ವರ್ಷಗಳ ನಂತರ ನಾಲ್ಕನೇ ತರಗತಿಗೆ ಬಂದಾಗ ನಾನು ಅವರಿಗೆ ಕನ್ನಡ ಮತ್ತು ಪರಿಸರ ಅಧ್ಯಯನ ಕಲಿಸುತ್ತಿದ್ದೆ. ತರಗತಿಯ 22 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳು ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದರು. ಕೆಳ ತರಗತಿಗಳ ನಲಿ-ಕಲಿ ಪದ್ಧತಿಯ ಕಾರ್ಡುಗಳಿಂದ ಪಠ್ಯಪುಸ್ತಕಕ್ಕೆ ದಾಟಬೇಕಾದ ಹೊತ್ತಿನಲ್ಲಿ, ಮೊದಲ ಎರಡು ವರ್ಷಗಳ ಓದೇ ಮೊಟಕಾಗಿದ್ದ ಆ ಮಕ್ಕಳಿಗೆ ವಯಸ್ಸಿಗೆ ತಕ್ಕ ವಿಷಯವೂ ಕಲಿಕೆಗೆ ತಕ್ಕ ಅಕ್ಷರವೂ ಒಟ್ಟಿಗೆ ಇರುವ ಪುಸ್ತಕ ಬೇಕಿತ್ತು. ಮೊಲ, ಆಮೆಗಳ ಕಥೆಯನ್ನು ಒಂಬತ್ತು ವರ್ಷದ ಮಕ್ಕಳ ಮುಂದೆ ಹಿಡಿದರೆ ಅವರು ಮುಖ ತಿರುಗಿಸುತ್ತಾರೆ. ಓದಲು ಬಾರದವರೆಂದು ತಮ್ಮನ್ನು ಗುರುತಿಸಿದ್ದಾರೆಂಬುದು ಅವರಿಗೆ ತಕ್ಷಣ ತಿಳಿಯುತ್ತದೆ. ಅವರೆಲ್ಲರೂ ಬಲ್ಲ, ಕೇಳಿದರೆ ಒಬ್ಬರ ಮೇಲೊಬ್ಬರು ಬಿದ್ದು ಹೇಳುವ ವಿಷಯ ಒಂದೇ ಇತ್ತು. ಹಾಗಾಗಿ ಭೂಕಂಪದ ಬಗ್ಗೆ ಇಪ್ಪತ್ತನಾಲ್ಕು ಪುಟಗಳ, ಪುಟಕ್ಕೆ ನಾಲ್ಕೈದು ಸಾಲುಗಳ ಒಂದು ಪುಸ್ತಕವನ್ನು ಬರೆಯಲು ಕುಳಿತೆ. ಅದು ಮೂರು ಕರಡುಗಳನ್ನು ದಾಟಿತು. ಯಾವ ಸಾಲು ಏಕೆ ಬಿದ್ದಿತು, ಅದರ ಜಾಗಕ್ಕೆ ಏನು ಬಂದಿತು ಎಂಬುದನ್ನು ಇಂಥ ಕೆಲಸಕ್ಕೆ ಕೈಹಾಕುವ ಇತರ ಶಿಕ್ಷಕರಿಗಾಗಿ ಇಲ್ಲಿ ದಾಖಲಿಸಿದ್ದೇನೆ.

ಮೊದಲ ಕರಡು ಮತ್ತು ‘ಸುಲಭ’ ಎಂಬ ಅಳತೆ

ಮೊದಲ ಕರಡಿನ ಮೊದಲ ಸಾಲು ಹೀಗಿತ್ತು: ‘ಭೂಮಿಯ ಒಳಭಾಗದಲ್ಲಿರುವ ಶಿಲಾಪದರಗಳ ಚಲನೆಯಿಂದ ಉಂಟಾಗುವ ಕಂಪನವನ್ನು ಭೂಕಂಪ ಎನ್ನುತ್ತಾರೆ.’ ಎಂಟೇ ಪದಗಳ ಈ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಂದು ಮಗುವೂ ಅದರ ಕೊನೆ ಮುಟ್ಟಲಿಲ್ಲ. ಮಕ್ಕಳ ಪುಸ್ತಕಗಳನ್ನು ಹಂತಗಳಾಗಿ ವಿಂಗಡಿಸುವ ಪ್ರಕಾಶನ ಸಂಸ್ಥೆಗಳು ಪುಸ್ತಕದ ಒಟ್ಟು ಪದಗಳನ್ನೂ ವಾಕ್ಯದ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದುಂಟು. ಆ ಲೆಕ್ಕ ಕನ್ನಡಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ ಎಂಬುದು ನನಗೆ ಮನದಟ್ಟಾದದ್ದು ಆಗಲೇ. ‘ಓಡಿಹೋಗಬೇಕಾಗಿತ್ತಂತೆ’ ಎಂಬುದು ನಮ್ಮಲ್ಲಿ ಒಂದೇ ಪದ; ಓದುವ ಮಗುವಿಗೆ ಅದು ಒಂದು ಗುಡ್ಡ. ಆದ್ದರಿಂದ ಪದ ಎಣಿಸುವುದನ್ನು ಬಿಟ್ಟು, ಸಾಲಿನಲ್ಲಿ ಎಷ್ಟು ಒತ್ತಕ್ಷರಗಳಿವೆ, ಒಂದು ಪದದಲ್ಲಿ ಎಷ್ಟು ಅಕ್ಷರಗಳಿವೆ, ಆ ಪದವನ್ನು ಮಗು ಮನೆಯಲ್ಲಿ ಕೇಳಿದೆಯೇ ಎಂಬ ಮೂರನ್ನು ಎಣಿಸತೊಡಗಿದೆ.

ಹೀಗೆ ಎಣಿಸಿದಾಗ ಒಂದು ಸೋಜಿಗ ಕಂಡಿತು. ದೊಡ್ಡವರಿಗೆ ಕಠಿಣವೆನಿಸುವ ‘ಭೂಕಂಪ’ ಎಂಬ ಪದದಲ್ಲಿ ಒಂದೂ ಒತ್ತಕ್ಷರವಿಲ್ಲ. ಮಕ್ಕಳು ಅದನ್ನು ಸಲೀಸಾಗಿ ಓದಿದರು. ಸರಳವೆಂದು ನಾನು ತಂದಿದ್ದ ‘ಶಬ್ದ’ ಎಂಬ ಎರಡಕ್ಷರದ ಪದದಲ್ಲಿ ಎಡವಿದರು. ಅದರ ಜಾಗದಲ್ಲಿ ‘ಸಪ್ಪಳ’ ಎಂದು ಬರೆದಾಗ, ಅಲ್ಲೂ ಒತ್ತಕ್ಷರವಿದ್ದರೂ, ತಡೆಯಿಲ್ಲದೆ ಓದಿದರು. ಆ ರಾತ್ರಿಗಳಲ್ಲಿ ಊರಿನವರೆಲ್ಲ ಆಡಿದ ಪದ ಅದೇ ಆಗಿತ್ತು. ಮೊದಲ ಅಕ್ಷರವನ್ನು ಹಿಡಿದ ಮಗುವಿಗೆ ಉಳಿದ ಪದವನ್ನು ಕಿವಿಯೇ ಓದಿಕೊಡುತ್ತದೆ.

ಎರಡನೇ ಕರಡು ಆದ್ದರಿಂದ ವ್ಯಾಖ್ಯೆಯಿಂದ ಅಲ್ಲ, ರಾತ್ರಿಯಿಂದ ಆರಂಭವಾಯಿತು: ‘ರಾತ್ರಿ ಆಗಿತ್ತು. ಮುತ್ಯಾ ಹೊರಸಿನ ಮೇಲೆ ಕೂತಿದ್ದ. ಒಳಗೆ ಡಬರಿ ಉರುಳಿತು. ನೆಲ ನಡುಗಿತು.’ (ಮುತ್ಯಾ ಎಂದರೆ ಅಜ್ಜ, ಡಬರಿ ಎಂದರೆ ಪಾತ್ರೆ.) ‘ಮುತ್ಯಾ ಕೂತಿದ್ದ’ ಎಂಬುದಕ್ಕೆ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿ, ಪುಸ್ತಕದಲ್ಲಿ ಹಿರಿಯರಿಗೆ ಬಹುವಚನ ಬರಬೇಕು, ‘ಅಜ್ಜ ಕುಳಿತಿದ್ದರು’ ಎಂದು ತಿದ್ದಬೇಕು ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಮ್ಮ ಕಡೆ ಮಕ್ಕಳು ಮುತ್ಯಾನನ್ನು ಏಕವಚನದಲ್ಲೇ ಕರೆಯುತ್ತಾರೆ, ಅದರಲ್ಲಿ ಅಗೌರವ ಇಲ್ಲ. ಬಹುವಚನದ ಅಜ್ಜ ಅವರಿಗೆ ಪಠ್ಯಪುಸ್ತಕದ ಅಜ್ಜ, ತಮ್ಮ ಮನೆಯವನಲ್ಲ. ಕ್ರಿಯಾಪದಗಳನ್ನು ಶಿಷ್ಟರೂಪದಲ್ಲಿ ಇಟ್ಟು, ಬಂಧುವಾಚಕಗಳನ್ನೂ ಮನೆಯ ವಸ್ತುಗಳ ಹೆಸರುಗಳನ್ನೂ ಇಲ್ಲಿನವೇ ಆಗಿಸಿದೆ. ತಾಂಡಾದಿಂದ ಬರುತ್ತಿದ್ದ ನಾಲ್ವರು ಮಕ್ಕಳ ಮನೆಮಾತು ಲಂಬಾಣಿಯಾದ್ದರಿಂದ ಅವರಿಗೆ ಈ ಸೌಲಭ್ಯವೂ ಅರ್ಧ ಮಾತ್ರ ದಕ್ಕಿತು; ಅವರ ಓದನ್ನು ಎತ್ತಿ ಹಿಡಿದದ್ದು ಪದಗಳಿಗಿಂತ ಚಿತ್ರಗಳೇ.

ಕಾರಣದ ಪುಟ

ನೆಲ ಏಕೆ ನಡುಗುತ್ತದೆ ಎಂದು ಕೇಳಿದಾಗ ಮಕ್ಕಳಿಂದ ಮೂರು ಉತ್ತರಗಳು ಬಂದವು: ಆದಿಶೇಷ ಹೆಡೆ ಬದಲಿಸುತ್ತಾನೆ, ಭೂಮ್ತಾಯಿಗೆ ಸಿಟ್ಟು ಬಂದಿದೆ, ಗಣಿಯಲ್ಲಿ ಮದ್ದು ಸಿಡಿಸುತ್ತಾರೆ. ಸುಣ್ಣಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಇರುವ ಸೇಡಂ, ಮಳಖೇಡ ಇಲ್ಲಿಂದ ದೂರವಿಲ್ಲವಾದ್ದರಿಂದ ಮೂರನೆಯ ಉತ್ತರ ಮನೆಯ ದೊಡ್ಡವರದೂ ಹೌದು. ಅವನ್ನು ಸುಳ್ಳೆಂದು ಹೊಡೆದುಹಾಕುವುದರಿಂದ ಪುಟವನ್ನು ಆರಂಭಿಸಬಾರದೆಂದು ನಿರ್ಧರಿಸಿ, ಕೈಗೆ ಸಿಗುವ ಒಂದು ವಸ್ತುವನ್ನು ಹುಡುಕಿದೆ. ಅದು ಖಡಕ್ ರೊಟ್ಟಿ. ಒಣಗಿದ ಜೋಳದ ರೊಟ್ಟಿಯ ಎರಡೂ ಅಂಚುಗಳನ್ನು ಹಿಡಿದು ಮೆಲ್ಲಗೆ ಒತ್ತಿದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಗೇ ‘ಟಣ್’ ಎಂದು ಮುರಿಯುತ್ತದೆ, ಕೈಗೆ ನಡುಕ ಬರುತ್ತದೆ, ಕಿವಿಗೆ ಸಪ್ಪಳ ಬರುತ್ತದೆ. ಭಾರತವನ್ನು ಹೊತ್ತ ಭೂಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಉತ್ತರಕ್ಕೆ ಸರಿಯುತ್ತ ಹಿಮಾಲಯದ ಕಡೆ ಒತ್ತುತ್ತಿರುವುದರಿಂದ ನಮ್ಮ ಕಾಲಕೆಳಗಿನ ಬಂಡೆಯ ಮೇಲೂ ಒತ್ತಡವಿರುತ್ತದೆ ಎಂಬುದನ್ನು ‘ಎರಡೂ ಕಡೆಯಿಂದ ಒತ್ತು. ಇನ್ನೂ ಒತ್ತು.’ ಎಂಬ ಎರಡು ಸಾಲುಗಳಲ್ಲಿ ಹೇಳಲು ಸಾಧ್ಯವಾಯಿತು.

ಈ ಹೋಲಿಕೆಯ ಬಗ್ಗೆ ನನಗೆ ಹೆಮ್ಮೆಯಿತ್ತು; ಅದನ್ನು ಮಕ್ಕಳೇ ತಿದ್ದಿದರು. ಮುರಿದ ಎರಡು ಚೂರುಗಳನ್ನು ಮತ್ತೆ ಅಂಚಿಗೆ ಅಂಚು ಹೊಂದಿಸಿ ಉಜ್ಜುತ್ತಿದ್ದ ಹುಡುಗನೊಬ್ಬ, ‘ಸರ್, ಇದು ಸಿಕ್ಕೊಂಡು ಸಿಕ್ಕೊಂಡು ಜಾರ್ತದ್ರಿ’ ಎಂದು ತೋರಿಸಿದ. ನಿಜಕ್ಕೂ ಬಹುತೇಕ ಭೂಕಂಪಗಳು ಬಂಡೆ ಹೊಸದಾಗಿ ಮುರಿಯುವುದರಿಂದ ಆಗುವುದಿಲ್ಲ, ಎಂದೋ ಆದ ಬಿರುಕಿನ ಎರಡು ಬದಿಗಳು ಸಿಕ್ಕಿಕೊಂಡಿದ್ದು ಒಮ್ಮೆಗೇ ಜಾರುವುದರಿಂದ ಆಗುತ್ತವೆ. ಒಮ್ಮೆ ಮುರಿದ ರೊಟ್ಟಿ ಮತ್ತೆ ಮುರಿಯದು. ಆದರೆ ನೆಲ ಒಂದೇ ತಿಂಗಳಲ್ಲಿ ಹಲವು ಬಾರಿ ನಡುಗಿತ್ತು. ನನ್ನ ಹೋಲಿಕೆ ಉತ್ತರಿಸದ ಈ ಪ್ರಶ್ನೆಗೆ ಅವನ ಕೈಯಲ್ಲಿದ್ದ ಚೂರುಗಳು ಉತ್ತರಿಸಿದವು. ಮೂರನೇ ಕರಡಿನಲ್ಲಿ ರೊಟ್ಟಿಗೆ ಎರಡು ಪುಟಗಳಿವೆ, ಮುರಿಯಲು ಒಂದು, ಉಜ್ಜಲು ಒಂದು. ಮಳೆಗಾಲ ಮುಗಿದ ಮೇಲೆ ಇಂಥ ಸಣ್ಣ ಕಂಪನಗಳು ಹೆಚ್ಚುವುದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲೊಂದು, ಇಂಗಿದ ನೀರು ಬಿರುಕುಗಳಲ್ಲಿ ಒತ್ತಡ ಹೆಚ್ಚಿಸಿ ಜಾರುವಿಕೆಯನ್ನು ಸುಗಮಗೊಳಿಸುತ್ತದೆ ಎಂಬುದು. ಅದನ್ನು ಪುಸ್ತಕದಲ್ಲಿ ಸೇರಿಸಲಿಲ್ಲ, ಮಾತಿನಲ್ಲಿ ಹೇಳಿದೆ. ಸಪ್ಪಳದ ಸಂಗತಿಯನ್ನು ಮಾತ್ರ ಬಿಡಲಿಲ್ಲ: ಆಳ ಕಡಿಮೆಯಿರುವ ಸಣ್ಣ ಕಂಪನದ ಅಲೆಗಳು ಗಾಳಿಗೆ ದಾಟಿದಾಗ ನಮ್ಮ ಕಿವಿಗೆ ಗುಡುಗಿನಂತೆ ಕೇಳಿಸುತ್ತವೆ. ‘ಸಪ್ಪಳ ಬಂದರೆ ನೆಲ ಬಾಯಿ ಬಿಡುವುದಿಲ್ಲ’ ಎಂಬ ಸಾಲನ್ನು ಮಕ್ಕಳು ಎರಡೆರಡು ಸಲ ಓದಿದರು.

ಕಿಲ್ಲಾರಿಯ ಪುಟ

ಈ ಭಾಗದಲ್ಲಿ ಭೂಕಂಪದ ಮಾತೆತ್ತಿದರೆ ಕಿಲ್ಲಾರಿಯ ಹೆಸರು ತಪ್ಪುವುದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 4 ಗಂಟೆಗೆ ಕೆಲವೇ ನಿಮಿಷಗಳಿರುವಾಗ, ಗಣಪತಿ ಕಳಿಸಿ ದಣಿದು ಮಲಗಿದ್ದ ಮಹಾರಾಷ್ಟ್ರದ ಲಾತೂರ್ ಮತ್ತು ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಗಳ ಹಳ್ಳಿಗಳ ಮೇಲೆ 6.2ರ ತೀವ್ರತೆಯ ಭೂಕಂಪ ಎರಗಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಆಳಂದ, ಬಸವಕಲ್ಯಾಣಗಳ ಗಡಿಗೆ ಅದು ನೆರೆಯ ಸೀಮೆ. ಅದಕ್ಕೂ ಒಂದು ವರ್ಷ ಮೊದಲು, 1992ರಲ್ಲಿ, ಕಿಲ್ಲಾರಿಯಲ್ಲೂ ಸಣ್ಣ ಕಂಪನಗಳ ಸರಣಿಯೇ ನಡೆದಿತ್ತು. ಗಡಿಕೇಶ್ವರದ ಸುತ್ತಿನ ಹಿರಿಯರು 2021ರಲ್ಲಿ ಹೆದರಿದ್ದು ಬರಿಯ ಗಾಳಿಮಾತಿಗಲ್ಲ, ಅವರಿಗೆ ಈ ನೆನಪಿತ್ತು. ಆ ಭಯವನ್ನು ಅಜ್ಞಾನವೆಂದು ಬರೆಯುವ ಪುಸ್ತಕ ನನಗೆ ಬೇಡವಾಗಿತ್ತು.

ಆದರೆ ಸಾವನ್ನು ಹೇಗೆ ಬರೆಯುವುದು? ಮೊದಲ ಕರಡಿನಲ್ಲಿ ‘ಸುಮಾರು ಹತ್ತು ಸಾವಿರ ಜನ ಸತ್ತರು’ ಎಂದಿತ್ತು. ಮಕ್ಕಳು ಸಂಖ್ಯೆಯನ್ನು ಓದಿ ಮುಂದೆ ಹೋದರು. ಅದು ಅವರಿಗೆ ಏನನ್ನೂ ಹೇಳಲಿಲ್ಲ. ಎರಡನೇ ಕರಡಿನಲ್ಲಿ ಮೃದುವಾಗಿಸಬೇಕೆಂದು ಹೊರಟು, ‘ಮನೆಗಳು ಬಿದ್ದವು. ಮಲಗಿದ್ದವರು ಏಳಲಿಲ್ಲ’ ಎಂದು ಬರೆದೆ. ಬರೆದಾಗ ಈ ಸಾಲು ನನಗೆ ಬಹಳ ಹಿಡಿಸಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಓದಿದ ಹುಡುಗಿಯೊಬ್ಬಳು ಪುಟದ ಮೇಲೆ ಬೆರಳಿಟ್ಟು, ‘ಏಳಲಿಲ್ಲ ಅಂದ್ರ ಇನ್ನಾ ಮಲ್ಗ್ಯಾರೇನ್ರಿ ಸರ್?’ ಎಂದು ಕೇಳಿದಳು. ಯಾರೂ ನಗಲಿಲ್ಲ. ಎರಡು ದಿನಗಳ ನಂತರ ಅವಳ ತಾಯಿ ಶಾಲೆಗೆ ಬಂದು, ಮಗಳು ರಾತ್ರಿ ಮಲಗಲು ಹೆದರುತ್ತಿದ್ದಾಳೆ, ಒಂದು ಸಲ ಮಲಗಿದರೆ ಏಳುತ್ತೇನೋ ಇಲ್ಲವೋ ಎನ್ನುತ್ತಾಳೆ ಎಂದು ಹೇಳಿದರು. ಮೃದುವಾದ ಮಾತು ಸುಲಭವಾದ ಮಾತಲ್ಲ. ದೊಡ್ಡವರು ಸಾವನ್ನು ಮುಚ್ಚಿಡಲು ಬಳಸುವ ಮಾತನ್ನು ಮಗು ಅಕ್ಷರಶಃ ಓದುತ್ತದೆ. ಅದರಲ್ಲೂ ಅಕ್ಷರ ಕೂಡಿಸಿ ಓದುವ ಮಗುವಿಗೆ ಅಕ್ಷರದ ಆಚೆಗೆ ಹೋಗಲು ಬಿಡುವೇ ಇರುವುದಿಲ್ಲ. ನಿದ್ದೆಯನ್ನೂ ಸಾವನ್ನೂ ಒಂದೇ ಸಾಲಿನಲ್ಲಿ ಕಟ್ಟಿ, ಅಂಗಳದಲ್ಲಿ ಮಲಗಿ ತಿಂಗಳು ಕಳೆದ ಮಕ್ಕಳ ಕೈಗೆ ಕೊಟ್ಟದ್ದು ನನ್ನ ತಪ್ಪು.

ಮೂರನೇ ಕರಡಿನಲ್ಲಿ ಆ ಪುಟ ಹೀಗಿದೆ (ಮಾಳಿಗೆ ಎಂದರೆ ನಮ್ಮ ಕಡೆ ಮನೆಯ ಚಾವಣಿ): ‘ಅಲ್ಲಿನ ಮನೆಗಳ ಗೋಡೆ ಕಲ್ಲು ಮಣ್ಣಿನದು. ಮಾಳಿಗೆ ಬಹಳ ಭಾರ. ಮನೆ ಬಿದ್ದವು. ಬಹಳ ಜನ ಸತ್ತರು. ನಮ್ಮ ಊರಿನಲ್ಲಿ ಯಾರೂ ಸಾಯಲಿಲ್ಲ.’ ಕೊನೆಯ ಸಾಲು ಮಕ್ಕಳ ಪ್ರಶ್ನೆಯಿಂದಲೇ ಬಂದದ್ದು. ಅವರು ಕೇಳದೆ ಇದ್ದಿದ್ದರೆ ಅದನ್ನು ಬರೆಯಬೇಕೆಂದು ನನಗೆ ಹೊಳೆಯುತ್ತಿರಲಿಲ್ಲ.

ಹಾಗಾದರೆ ಅಲ್ಲಿಗೂ ಇಲ್ಲಿಗೂ ಎಷ್ಟು ವ್ಯತ್ಯಾಸ? 4.1 ಮತ್ತು 6.2 ಎಂಬ ಅಂಕಿಗಳನ್ನು ನೋಡಿದ ಮಗು ಎರಡೇ ಹೆಜ್ಜೆಯ ಅಂತರವೆಂದುಕೊಳ್ಳುತ್ತದೆ. ಅನೇಕ ದೊಡ್ಡವರೂ ಹಾಗೆಯೇ ತಿಳಿದಿರುತ್ತಾರೆ. ಭೂಕಂಪದ ತೀವ್ರತೆ ಅಳೆಯುವ ಮಾಪಕದಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ, 2.1 ಏರಿದರೆ ಸುಮಾರು 1,400 ಪಟ್ಟು. ಇದನ್ನು ಗುಣಾಕಾರದಿಂದ ಹೇಳುವ ಬದಲು, ತಟ್ಟೆಯ ಒಂದು ಕಡೆ ಒಂದೇ ಜೋಳದ ಕಾಳು ಇಟ್ಟು, ಇನ್ನೊಂದು ಕಡೆ ಮಕ್ಕಳಿಂದಲೇ 1,400 ಕಾಳು ಎಣಿಸಿ ಹಾಕಿಸಿದೆವು. ಹತ್ತರ ಗುಂಪು, ನೂರರ ಗುಂಪು ಮಾಡಿ ಎಣಿಸಲು ಎರಡು ಅವಧಿಗಳು ಹಿಡಿದವು. ಕೊನೆಗೆ ಅವರ ಕೈಯಲ್ಲಿ ಅದು ಎರಡು ಹಿಡಿ ಜೋಳವಾಯಿತು. ಪುಸ್ತಕದಲ್ಲಿ ಈಗ ಎದುರುಬದುರು ಪುಟಗಳಲ್ಲಿ ಒಂದು ಕಾಳಿನ ಚಿತ್ರವೂ ಎರಡು ಹಿಡಿಯ ಚಿತ್ರವೂ ಇವೆ. ಕೆಳಗೆ ಬರೆದಿರುವುದು ‘ನಮ್ಮದು’, ‘ಕಿಲ್ಲಾರಿಯದು’ ಎಂಬ ಎರಡೇ ಪದ. ಪುಸ್ತಕದ ಬರಹವಿರುವ ಪುಟಗಳಲ್ಲಿ ಇದಕ್ಕಿಂತ ಕಡಿಮೆ ಅಕ್ಷರಗಳ ಪುಟವಿಲ್ಲ, ಇದಕ್ಕಿಂತ ಹೆಚ್ಚು ಹೊತ್ತು ಮಕ್ಕಳು ನಿಂತ ಪುಟವೂ ಇಲ್ಲ.

ಏನು ಮಾಡಬೇಕು ಎಂಬ ಪುಟ

ನನ್ನನ್ನು ಹೆಚ್ಚು ದಣಿಸಿದ್ದು ಈ ಪುಟ. ಮೊದಲ ಎರಡು ಕರಡುಗಳಲ್ಲಿ ಎಲ್ಲ ಭಿತ್ತಿಪತ್ರಗಳಲ್ಲೂ ಇರುವ ಸಲಹೆಯನ್ನೇ ಬರೆದಿದ್ದೆ: ‘ಬಗ್ಗು. ಮೇಜಿನ ಕೆಳಗೆ ಹೋಗು. ಮೇಜಿನ ಕಾಲು ಹಿಡಿ.’ ಅಕ್ಷರಗಳ ದೃಷ್ಟಿಯಿಂದ ಇದಕ್ಕಿಂತ ಸುಲಭವಾದ ಪುಟ ಇರಲಾರದು. ಅಭ್ಯಾಸ ಮಾಡಿ ನೋಡೋಣವೆಂದು ಗಂಟೆ ಬಾರಿಸಿದಾಗ, ಜಮಖಾನೆಯ ಮೇಲೆ ಕುಳಿತಿದ್ದ 22 ಮಕ್ಕಳೂ ಕೋಣೆಯಲ್ಲಿದ್ದ ಒಂದೇ ಒಂದು ಮೇಜಿನ ಕಡೆ, ಅಂದರೆ ನನ್ನ ಮೇಜಿನ ಕಡೆ, ನುಗ್ಗಿದರು. ‘ಇಷ್ಟ್ ಮಂದಿ ಹ್ಯಾಂಗ್ ಹಿಡಿತೀವ್ರಿ ಸರ್?’ ಎಂಬ ಪ್ರಶ್ನೆ ಆ ರಾಶಿಯೊಳಗಿಂದ ಬಂದಿತು. ಎಲ್ಲರೂ ನಕ್ಕೆವು, ಆದರೆ ಪುಸ್ತಕ ಯಾರ ಮನೆಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು ಎಂಬುದು ಅಲ್ಲಿ ಬಯಲಾಯಿತು. ಆ ಮಕ್ಕಳ ಮನೆಗಳಲ್ಲಿಯೂ ಮೇಜು ಇರುವುದು ಅಪರೂಪ.

ಶಾಲೆಯ ಮಟ್ಟಿಗೆ ಪರಿಹಾರ ಕಠಿಣವಾಗಲಿಲ್ಲ. ಕಾಂಕ್ರೀಟ್ ಮಾಳಿಗೆಯ ಕೋಣೆಯಲ್ಲಿ ಕಿಟಕಿ ಮತ್ತು ಕಪಾಟಿನಿಂದ ದೂರ ಸರಿದು, ಮೊಣಕಾಲೂರಿ ಬಗ್ಗಿ, ಪಾಟಿಚೀಲದಿಂದ ತಲೆ ಮತ್ತು ಕುತ್ತಿಗೆಯನ್ನು ಮುಚ್ಚಿಕೊಳ್ಳುವುದು. ನಡುಕ ನಿಂತ ಮೇಲೆ ಸಾಲಾಗಿ ಮೈದಾನಕ್ಕೆ ಹೋಗುವುದು. ಮನೆಯ ವಿಷಯವೇ ಬೇರೆ. ಇಲ್ಲಿನ ಹಳೆಯ ಮನೆಗಳ ಗೋಡೆ ಕಲ್ಲು ಮತ್ತು ಮಣ್ಣಿನದು, ಮೇಲೆ ಫರಸಿ (ಚಪ್ಪಡಿ ಕಲ್ಲು) ಅಥವಾ ದಪ್ಪ ಮಣ್ಣಿನ ಮಾಳಿಗೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಇಂಥದೇ ರಚನೆ. ತಾಂಡಾದ ಹುಡುಗಿಯೊಬ್ಬಳ ತಂದೆ ಗೌಂಡಿ ಕೆಲಸದವರು, ಅಂದರೆ ಗೋಡೆ ಕಟ್ಟುವವರು. ಅವರನ್ನು ತರಗತಿಗೆ ಕರೆದಾಗ, ಇಂಥ ಗೋಡೆಗೆ ಹೊರಮುಖ ಬೇರೆ, ಒಳಮುಖ ಬೇರೆ ಇರುತ್ತದೆ, ನಡುವೆ ಸಣ್ಣ ಕಲ್ಲು ಮಣ್ಣು ತುಂಬಿರುತ್ತಾರೆ, ಎರಡೂ ಮುಖಗಳನ್ನು ಹಿಡಿದಿಡುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡ ಇಡದಿದ್ದರೆ ಅಲುಗಾಡಿದಾಗ ಗೋಡೆ ಎರಡಾಗಿ ಸೀಳಿ ಹೊಟ್ಟೆ ಬಿಡುತ್ತದೆ ಎಂದು ಎರಡು ಪುಸ್ತಕಗಳ ನಡುವೆ ಸೀಮೆಸುಣ್ಣದ ಚೂರು ತುಂಬಿ ತೋರಿಸಿದರು. ನನ್ನ ಯಾವ ಚಿತ್ರವೂ ಅಷ್ಟು ಸ್ಪಷ್ಟವಾಗಿರಲಿಲ್ಲ. ಅದನ್ನೇ ಪುಸ್ತಕದ ಹದಿನಾರನೇ ಪುಟವಾಗಿಸಿದೆ.

ಅಂಥ ಮನೆಯೊಳಗೆ ಬಗ್ಗಿ ಕೂಡು ಎಂದು ಮಗುವಿಗೆ ಹೇಳಬಹುದೇ? ಭಾರದ ಮಾಳಿಗೆಯ, ನೆಲಮಟ್ಟದ ಕಲ್ಲು ಮಣ್ಣಿನ ಮನೆಯಲ್ಲಿ ಬಾಗಿಲು ಕೆಲವೇ ಹೆಜ್ಜೆಗಳಲ್ಲಿದ್ದು, ಹೊರಗೆ ಬಯಲಿದ್ದರೆ, ಮೊದಲ ಅಲುಗಾಟಕ್ಕೇ ಹೊರಗೆ ಹೋಗುವುದು ಮೇಲು ಎಂಬ ಅಭಿಪ್ರಾಯ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಲ್ಲಿ ಇದೆ. ಕಾಂಕ್ರೀಟ್ ಕಟ್ಟಡದಲ್ಲಿ ಓಡುವುದೇ ಅಪಾಯ. ಎರಡೂ ನಿಜ, ಒಂದೇ ಸಾಲಿನಲ್ಲಿ ಎರಡನ್ನೂ ಹೇಳಲು ಬರುವುದಿಲ್ಲ. ಸುಲಭ ಓದಿಗಾಗಿ ಒಂದನ್ನು ಬಿಟ್ಟುಬಿಡುವ ಆಸೆ ನನಗೂ ಆಯಿತು. ಪುಟ ಚೊಕ್ಕವಾಗುತ್ತಿತ್ತು, ಮಗು ಮಾತ್ರ ತಪ್ಪು ಜಾಗದಲ್ಲಿ ತಪ್ಪು ಕೆಲಸ ಮಾಡುತ್ತಿತ್ತು. ಕೊನೆಗೆ ಒಂದು ಪುಟ ಮೂರಾಯಿತು: ‘ಸಾಲಿಯಲ್ಲಿ’, ‘ಮನೆಯಲ್ಲಿ, ಬಾಗಿಲು ಹತ್ತಿರ’, ‘ಮನೆಯಲ್ಲಿ, ಬಾಗಿಲು ದೂರ’. ಪ್ರತಿ ಪುಟಕ್ಕೆ ಮೂರೇ ಸಾಲು. ಅವುಗಳ ಜೊತೆಗೆ, ನಡುಕ ಬರುವ ಮೊದಲೇ ಮಾಡಬಹುದಾದ ಒಂದು ಕೆಲಸ: ಹಾಸಿಗೆಯ ಮೇಲ್ಭಾಗದ ನಾಗಂದಿಗೆಯಲ್ಲಿ ಭಾರದ ವಸ್ತುಗಳಿದ್ದರೆ ಅವ್ವ ಅಪ್ಪಂದಿರಿಗೆ ಹೇಳಿ ಕೆಳಗೆ ಇಳಿಸುವುದು. ಈ ಒಂದನ್ನು ಮಕ್ಕಳು ಮನೆಗೆ ಹೋದ ದಿನವೇ ಮಾಡಿಸಿದರು. ಹಿತ್ತಾಳೆಯ ಕೊಡ, ಬೀಸುವ ಕಲ್ಲಿನ ಮೇಲಿನ ಹೋಳು, ಹಳೆಯ ಟ್ರಂಕು ಇಳಿದ ಸುದ್ದಿಗಳು ಮಾರನೆಯ ದಿನ ಬಂದವು.

ಯಾವಾಗ ಬರುತ್ತದೆ ಎಂಬುದಕ್ಕೆ ಪುಸ್ತಕದಲ್ಲಿ ಒಂದೇ ಸಾಲಿದೆ: ‘ಯಾವ ದಿನ ಬರುತ್ತದೆ ಎಂದು ಯಾರಿಗೂ ಹೇಳಲು ಬರುವುದಿಲ್ಲ.’ ಇವತ್ತು ರಾತ್ರಿ ದೊಡ್ಡದು ಬರುತ್ತದೆಯೆಂಬ ವಾಟ್ಸ್ಆ್ಯಪ್ ಸಂದೇಶಗಳನ್ನು ಕಂಡಿದ್ದ ಮನೆಗಳಿಗೆ ಈ ಸಾಲು ಮಕ್ಕಳ ಬಾಯಲ್ಲಿ ಹೋಯಿತು. ಕಲಬುರಗಿ 2002ರ ಭೂಕಂಪ ವಲಯ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಎರಡನೇ ವಲಯದಲ್ಲಿದೆ ಎಂಬುದನ್ನು ಧೈರ್ಯಕ್ಕಾಗಿ ಸೇರಿಸಬೇಕೆಂದು ಒಬ್ಬರು ಸೂಚಿಸಿದರು. ಲಾತೂರ್ ಕೂಡ 1993ಕ್ಕಿಂತ ಹಿಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕೆಳಗಿನ ವಲಯದಲ್ಲೇ ಇತ್ತು ಎಂಬ ಕಾರಣಕ್ಕೆ ಅದನ್ನು ಸೇರಿಸಲಿಲ್ಲ.

ಪುಸ್ತಕದ ಈಗಿನ ಸ್ಥಿತಿ

ಮೂರನೇ ಕರಡನ್ನು ಜೆರಾಕ್ಸ್ ಮಾಡಿಸಿ, ದಾರದಿಂದ ಹೊಲಿದು, ತಲಾ ಒಂದು ಪ್ರತಿಯನ್ನು ಮಕ್ಕಳಿಗೆ ಕೊಟ್ಟೆವು. ಒತ್ತಕ್ಷರದಲ್ಲಿ ನಿಲ್ಲುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ಇಡೀ ಪುಸ್ತಕವನ್ನು ತಾವೇ ಓದಿದರು. ಬಾಯಿಪಾಠದಿಂದ ಓದಿದವರೂ ಅವರಲ್ಲಿ ಇದ್ದಾರೆ, ಅದನ್ನು ಓದಿನ ಲೆಕ್ಕಕ್ಕೆ ಸೇರಿಸಲಾರೆ. ಮಲಗಲು ಹೆದರಿದ್ದ ಹುಡುಗಿ ಕಿಲ್ಲಾರಿಯ ಪುಟವನ್ನು ಹೊಸದಾಗಿ ಓದಿದಳು, ಏನನ್ನೂ ಕೇಳಲಿಲ್ಲ.

ಬಗೆಹರಿಯದ ಒಂದು ಪುಟ ಉಳಿದಿದೆ. ಊರಿನ ಹಳೆಯ ಓಣಿಯ ಮೂವರು ಮಕ್ಕಳ ಮನೆಗಳಲ್ಲಿ ಬಾಗಿಲು ಹತ್ತಿರವೇ ಇದೆ, ಆದರೆ ಬಾಗಿಲ ಹೊರಗೆ ಇರುವುದು ಎರಡು ಮಾರು ಅಗಲದ ಸಂದಿ, ಎರಡೂ ಬದಿಗೆ ಆಳೆತ್ತರಕ್ಕೂ ಮಿಗಿಲಾದ ಕಲ್ಲಿನ ಗೋಡೆಗಳು. ಒಳಗೆ ಮಾಳಿಗೆ ಬೀಳಬಹುದು, ಹೊರಗೆ ಗೋಡೆ ಬೀಳಬಹುದು. ಆ ಮಕ್ಕಳಿಗೆ ಯಾವ ಮೂರು ಸಾಲು ಬರೆಯಬೇಕೆಂದು ಗೌಂಡಿಯವರನ್ನೂ ಕೇಳಿದೆ. ಅವರು ಓಣಿಯನ್ನು ನೋಡಿ ಬಂದು, ಇದು ಬರೆಯುವ ಕೆಲಸವಲ್ಲ, ಗೋಡೆ ಇಳಿಸುವ ಕೆಲಸ ಎಂದರು. ಇಪ್ಪತ್ತೊಂದನೇ ಪುಟದಲ್ಲಿ ಸದ್ಯಕ್ಕೆ ಆ ಓಣಿಯ ಚಿತ್ರ ಮಾತ್ರ ಇದೆ, ಕೆಳಗಿನ ಜಾಗ ಖಾಲಿಯಿದೆ.